ಗುಡಿ ಕಟ್ಟೆಯ ಸಿಗ್ನಲ್, ರಜೆಯ ಅರ್ಜಿ

ಪ್ರಶ್ನೆ: ನಮ್ಮದು ಕಪ್ಪತಗುಡ್ಡದ ಮಗ್ಗುಲಿನ ಊರು, ಇಬ್ಬರೇ ಶಿಕ್ಷಕರು. ಗಳಿಕೆ ರಜೆಯ ಅರ್ಜಿ ಕೊಡಲು ಮುಂಡರಗಿಗೆ ಹೋದರೆ ಒಂದು ದಿನದ ಪಾಠ ಹೋಗುತ್ತದೆ. ಮಗ ಆನ್‌ಲೈನ್ ವ್ಯವಸ್ಥೆ ಮಾಡಿಕೊಡುತ್ತೇನೆ ಎನ್ನುತ್ತಾನೆ. ನೆಟ್‌ವರ್ಕ್ ಸಿಗುವುದು ಹನುಮಪ್ಪನ ಗುಡಿ ಕಟ್ಟೆ ಮೇಲೆ ಮಾತ್ರ.
—ಶಿಕ್ಷಕಿ, ಗದಗ ಜಿಲ್ಲೆ

ಉತ್ತರ: ಅಕ್ಕೋರೇ, ಮಗ ಆ ಕಟ್ಟೆಯಿಂದಲೇ ಶುರು ಮಾಡಲಿ. ತುಂಬಿದ ಅರ್ಜಿ ಫೋನಿನಲ್ಲೇ ಉಳಿದು, ಸಿಗ್ನಲ್ ಸಿಕ್ಕೊಡನೆ ತಾನೇ ಹೋಗಬೇಕು. ಮಂಜೂರಾತಿ ಎಸ್‌ಎಂಎಸ್‌ನಲ್ಲಿ ಬರಲಿ, ಅದಕ್ಕೆ ಇಂಟರ್ನೆಟ್ ಬೇಡ. ಕನ್ನಡದ ಒಂದು ಎಸ್‌ಎಂಎಸ್‌ನಲ್ಲಿ ಹಿಡಿಸುವುದು 70 ಚಿಹ್ನೆ. ಕೊಂಬು, ದೀರ್ಘ, ಒತ್ತು ಎಲ್ಲವೂ ಲೆಕ್ಕಕ್ಕೆ. ‘ಗಳಿಕೆ ರಜೆ 12–16 ಮಂಜೂರು’ ಎಂದರೆ ಸಾಕು. ಅರ್ಜಿಗೊಂದು ನಂಬರ್ ಇರಲೇಬೇಕು. ಅವ್ವನನ್ನು ಆಸ್ಪತ್ರೆಗೆ ಸೇರಿಸಿದ ವಾರ ನಾನು ಕೊಟ್ಟ ಅರ್ಜಿ ಕಚೇರಿಯಲ್ಲಿ ಕಳೆದು, ಐದು ದಿನದ ಸಂಬಳ ಹೋಯಿತು; ಕೊಟ್ಟಿದ್ದಕ್ಕೆ ನನ್ನ ಬಳಿ ಗುರುತಿರಲಿಲ್ಲ. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಅವರ ಒಪ್ಪಿಗೆಯನ್ನು ಮೊದಲೇ ಪಡೆಯಿರಿ.