ಪ್ರಕರಣ: ಅಡಿಕೆ ತೋಟ ಮತ್ತು ನಿವೃತ್ತಿಯ ಹಣ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಪತಿಗೆ 42 ವರ್ಷ. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯ ಕೆಲಸವನ್ನು ತೀರ್ಥಹಳ್ಳಿ ಸಮೀಪದ ಮನೆಯಿಂದಲೇ ಮಾಡುತ್ತಾರೆ. ವರ್ಷದ ಸಂಬಳ 40 ಲಕ್ಷ, ಮೂಲವೇತನ ತಿಂಗಳಿಗೆ ಒಂದೂವರೆ ಲಕ್ಷ. ಹೊಸ ತೆರಿಗೆ ಪದ್ಧತಿಗೆ ಬಂದ ಮೇಲೆ, ವಿನಾಯಿತಿಯೇ ಇಲ್ಲವೆಂದು ಪಿಪಿಎಫ್ (ಸಾರ್ವಜನಿಕ ಭವಿಷ್ಯ ನಿಧಿ) ಕಟ್ಟುವುದನ್ನೂ ನಿಲ್ಲಿಸಿದ್ದರು. ಉಳಿತಾಯವನ್ನೆಲ್ಲ ಸುರಿದು ಪಕ್ಕದ ತೋಟ ಕೊಳ್ಳುವ ಯೋಚನೆ. ಪತ್ನಿಗೆ ಅದು ಒಪ್ಪಿಗೆಯಿರಲಿಲ್ಲ. ಮನೆಯಲ್ಲಿ ಮಾತು ನಿಂತುಹೋಗಿತ್ತು. ಹಣಕಾಸಿನ ಸಲಹೆಗೆಂದು ಇಬ್ಬರೂ ನನ್ನ ಬಳಿ ಬಂದರು.

"ಅಪ್ಪಯ್ಯನಿಗೆ ಯಾವ ಪಿಂಚಣಿ ಇತ್ತು ಮೇಡಂ? ತೋಟವೇ ಸಾಕಲಿಲ್ಲವೆ?" ಎಂದರು ಅವರು.

"ಕೊಳೆರೋಗ ಬಂದ ವರ್ಷ ಅತ್ತೆ ಬಳೆ ಅಡವಿಟ್ಟದ್ದನ್ನು ಇವರು ಹೇಳುವುದಿಲ್ಲ," ಎಂದರು ಪತ್ನಿ.

ಇಬ್ಬರ ಮಾತಿನಲ್ಲೂ ಸತ್ಯವಿತ್ತು. ತೋಟದ ಮೇಲಿನ ಅವರ ಪ್ರೀತಿಯನ್ನು ನಾನು ಪ್ರಶ್ನಿಸಲಿಲ್ಲ. 65ನೇ ವಯಸ್ಸಿನಲ್ಲಿ ಕೊಳೆರೋಗ ತಡೆಯುವ ಬೋರ್ಡೋ ದ್ರಾವಣದ ಸಿಂಪಡಣೆಗೆ, ಅಡಿಕೆ ಕೊನೆ ತೆಗೆಯಲು ಆಳು ಸಿಗದ ವರ್ಷ, ಎಲೆಚುಕ್ಕಿ ರೋಗ ಹಬ್ಬಿದ ವರ್ಷ ಮನೆಗೆ ಹಣ ಎಲ್ಲಿಂದ ಬರುತ್ತದೆ ಎಂದು ಮಾತ್ರ ಕೇಳಿದೆ. ಉತ್ತರ ಬರಲಿಲ್ಲ. ಕೃಷಿ ಆದಾಯಕ್ಕೆ ತೆರಿಗೆಯಿಲ್ಲ ಎಂಬ ಅವರ ವಾದ ನಿಜ. ಆದರೆ ಸಂಬಳದ ತೆರಿಗೆ ಲೆಕ್ಕ ಹಾಕುವಾಗ ಅದನ್ನೂ ಸೇರಿಸಿ ದರ ನೋಡುತ್ತಾರೆ.

ಅವರಿಗೆ ತಿಳಿಯದಿದ್ದ ಸಂಗತಿಯೊಂದಿತ್ತು. ಹೊಸ ಪದ್ಧತಿಯಲ್ಲೂ ಉದ್ಯೋಗದಾತರು ಎನ್‌ಪಿಎಸ್‌ಗೆ (ರಾಷ್ಟ್ರೀಯ ಪಿಂಚಣಿ ಯೋಜನೆ) ಕಟ್ಟುವ ಮೊತ್ತಕ್ಕೆ, ಮೂಲವೇತನ ಮತ್ತು ತುಟ್ಟಿಭತ್ಯೆಯ 14%ರವರೆಗೆ, ವಿನಾಯಿತಿಯಿದೆ. ಇವರಿಗೆ ಅದು ತಿಂಗಳಿಗೆ 21,000 ರೂಪಾಯಿ. ಕಂಪನಿ ಅದನ್ನು ಸಂಬಳದಿಂದಲೇ ಕಳೆದರೂ 30%ರ ಹಂತದಲ್ಲಿ ಸೆಸ್ ಸೇರಿ 6,552 ರೂಪಾಯಿ ತೆರಿಗೆ ಉಳಿಯುವುದರಿಂದ ಕೈಗೆ ಬರುವುದರಲ್ಲಿ ಕಡಿಮೆಯಾಗುವುದು 14,448 ಮಾತ್ರ. ಉದ್ಯೋಗದಾತರ ಪಿಎಫ್ ಮತ್ತು ಎನ್‌ಪಿಎಸ್ ಪಾಲು ಸೇರಿ ವರ್ಷಕ್ಕೆ 7.5 ಲಕ್ಷ ಮೀರಿದರೆ ಹೆಚ್ಚುವರಿಗೆ ತೆರಿಗೆ ಬೀಳುತ್ತದೆ, ಇವರದು 4.68 ಲಕ್ಷ (ಪಿಎಫ್ 2.16 ಲಕ್ಷ, ಎನ್‌ಪಿಎಸ್ 2.52 ಲಕ್ಷ).

ತೊಡಕನ್ನೂ ಮುಚ್ಚಿಡಲಿಲ್ಲ. ಮಧ್ಯದಲ್ಲಿ ಎನ್‌ಪಿಎಸ್‌ನಿಂದ ಭಾಗಶಃ ಹಣ ತೆಗೆಯಲು ಅವಕಾಶವಿರುವುದು ಸ್ವಂತ ಪಾಲಿನಿಂದ ಮಾತ್ರ, ಉದ್ಯೋಗದಾತರ ಪಾಲಿನಿಂದಲ್ಲ. ಕೊನೆಗೆ ಒಂದು ಭಾಗದಿಂದ ವರ್ಷಾಶನ (ಪಿಂಚಣಿಯಂತೆ ನಿಯತವಾಗಿ ಹಣ ಕೊಡುವ ಯೋಜನೆ) ಕೊಳ್ಳಲೇಬೇಕು, ಅದರಿಂದ ಬರುವ ಹಣಕ್ಕೆ ತೆರಿಗೆಯೂ ಇದೆ. ಮಗಳ ಓದಿನ ಹಣವನ್ನು ಇಲ್ಲಿ ಹಾಕುವುದು ಬೇಡ ಎಂದೆ.

ಸ್ವಯಂಪ್ರೇರಿತ ಪಿಎಫ್ ಹೆಚ್ಚಿಸುವುದನ್ನೂ ಕೇಳಿದರು. ಸ್ವಂತ ಪಾಲು ವರ್ಷಕ್ಕೆ 2.5 ಲಕ್ಷ ದಾಟಿದರೆ ಹೆಚ್ಚುವರಿಯ ಬಡ್ಡಿಗೆ ತೆರಿಗೆ ಬೀಳುತ್ತದೆ. ಅವರ ಪಾಲು ಈಗಾಗಲೇ 2.16 ಲಕ್ಷವಿದ್ದುದರಿಂದ ಉಳಿದಿದ್ದ ಅವಕಾಶ 34,000 ರೂಪಾಯಿ. ಅದಕ್ಕಿಂತ ನಿಂತ ಪಿಪಿಎಫ್ ಖಾತೆಗೆ ಜೀವ ಕೊಡಿ ಎಂದೆ: ಕಟ್ಟಿದ ಹಣಕ್ಕೆ ವಿನಾಯಿತಿ ಸಿಗದಿದ್ದರೂ ಬಡ್ಡಿ ತೆರಿಗೆಮುಕ್ತ.

ಪಿಎಫ್ ಖಾತೆಯ ನಾಮಿನಿ ಇನ್ನೂ ತೀರಿಕೊಂಡ ತಂದೆಯವರೇ ಆಗಿದ್ದರು. ಮೊದಲು ಅದನ್ನು ಬದಲಿಸಿ, ಪಾಸ್‌ಬುಕ್ ನೋಡುವ ಕ್ರಮವನ್ನು ಪತ್ನಿಗೆ ಕಲಿಸಲು ಹೇಳಿದೆ. ಎರಡನೇ ಭೇಟಿಗೆ ಪತ್ನಿಯೇ ಮೂರೂ ಖಾತೆಗಳ ಲೆಕ್ಕ ಬರೆದು ತಂದಿದ್ದರು. ಪಕ್ಕದ ತೋಟದ ಮುಂಗಡವನ್ನು ಒಂದು ಫಸಲು ಕಳೆಯುವವರೆಗೆ ತಡೆಹಿಡಿಯಲು ಇಬ್ಬರೂ ಒಪ್ಪಿದ್ದಾರೆ.