ಅರ್ಧ ಜಮೀನು ಮಾರಿ, ಉಳಿದರ್ಧಕ್ಕೆ ಅಡಿಕೆ ಹಾಕಬಹುದಾ?

ಜಗಳೂರು ಕಡೆ ಆರು ಎಕರೆ ಇದೆ, ಸುತ್ತಮುತ್ತ ಎಲ್ಲರೂ ಮಾರುತ್ತಿದ್ದಾರೆ, ಎಕರೆಗೆ 28 ಲಕ್ಷ ಕೊಡುತ್ತೇನೆ ಅನ್ನುತ್ತಿದ್ದಾರೆ, ರಸ್ತೆ ಪಕ್ಕದ ಮೂರು ಎಕರೆ ಮಾರಿ ಆ ದುಡ್ಡಲ್ಲಿ ಹಿಂದಿನ ಮೂರಕ್ಕೆ ಬೋರ್ ಕೊರೆಸಿ ಅಡಿಕೆ ಇಡೋಣ ಅಂತಿದ್ದೇನೆ, ಸರಿಯಾ ಅಂತ ಕೇಳಿದ್ದೀರಿ. ‘ರಸ್ತೆ ಪಕ್ಕದ ಮೂರು’ ಅನ್ನುವ ಕಡೆ ಓದುವುದು ನಿಲ್ಲಿಸಿ, ಎದ್ದು ನೀರು ಕುಡಿದು ಬಂದೆ. ನಾನೂ ಇದನ್ನೇ ಮಾಡಿದ್ದೆ.

ನಮ್ಮದು ಹಿರಿಯೂರು ತಾಲ್ಲೂಕು. ಒಂದೇ ಸರ್ವೆ ನಂಬರಿನಲ್ಲಿ ಐದು ಎಕರೆ ಹತ್ತು ಗುಂಟೆ. ಉದ್ದಕ್ಕೆ ಚಾಪೆ ಹಾಸಿದ ಹಾಗಿನ ಹೊಲ, ಅಗಲ ಕಡಿಮೆ. ಮುಂದೆ ಡಾಂಬರು ರಸ್ತೆ, ಹಿಂದೆ ಹಳ್ಳ. ಮಳೆಗಾಲಕ್ಕೆ ಈರುಳ್ಳಿ, ಇಲ್ಲದಿದ್ದರೆ ಮೆಕ್ಕೆಜೋಳ, ಶೇಂಗಾ. ಅಪ್ಪ ಸಾಲ ಬಿಟ್ಟು ಹೋಗಿದ್ದರು, ಇಬ್ಬರು ಅಕ್ಕಂದಿರಿಗೂ ಪಾಲು ಕೊಡಬೇಕಿತ್ತು. 2021ರ ಡಿಸೆಂಬರ್‌ನಲ್ಲಿ ಒಬ್ಬ ಏಜೆಂಟ್ ಬಂದ. ಬೆಂಗಳೂರಿನ ಪಾರ್ಟಿ, ಎಕರೆಗೆ 19 ಲಕ್ಷ, ಆದರೆ ರಸ್ತೆಗೆ ಮುಖ ಇರುವ ಎರಡೂವರೆ ಎಕರೆ ಮಾತ್ರ ಬೇಕು ಅಂದ.

ಬೆಂಗಳೂರಿನವರು ನಮ್ಮ ಬಯಲುಸೀಮೆಗೆ ಯಾಕೆ ಬಂದರು ಅಂತ ಆಗ ನಾನು ಯೋಚಿಸಲೇ ಇಲ್ಲ. 2020ಕ್ಕೆ ಮೊದಲು ಕೃಷಿಕರಲ್ಲದವರು ಇಲ್ಲಿ ಕೃಷಿ ಜಮೀನು ಕೊಳ್ಳುವಂತಿರಲಿಲ್ಲ. ಬೇರೆ ಆದಾಯ ವರ್ಷಕ್ಕೆ 25 ಲಕ್ಷ ದಾಟಿದವರೂ ಕೊಳ್ಳುವಂತಿರಲಿಲ್ಲ. ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂ ಅಂತಾರಲ್ಲ, ಅವೇ. ಆ ವರ್ಷದ ತಿದ್ದುಪಡಿಯಲ್ಲಿ ಎರಡನ್ನೂ ತೆಗೆದರು. ಹಿರಿಯೂರಿಗೆ ಹೆದ್ದಾರಿ ಇದೆ, ಬೆಂಗಳೂರಿಂದ ಮೂರು ಗಂಟೆಯೊಳಗೆ ಬರಬಹುದು. ಬಾಗಿಲು ತೆಗೆದರೆ ಬರದೇ ಇರುತ್ತಾರಾ?

ಈಗ ನನ್ನ ತಪ್ಪಿಗೆ ಬರುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ಮಾರಿದ್ದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಮುಂದಿನ ತುಂಡು ಮಾರಿ ಹಿಂದಿನದು ಉಳಿಸಿಕೊಂಡೆನಲ್ಲ, ಆಗ ಹಿಂದಿನದಕ್ಕೆ ಹೋಗುವ ದಾರಿಯನ್ನು ಪತ್ರದಲ್ಲಿ ಬರೆಸಲಿಲ್ಲ. ಅಷ್ಟೇ ತಪ್ಪು. ತಾತನ ಕಾಲದಿಂದ ಬಡಗಣ ಬದುವಿನ ಗುಂಟ ಬಂಡಿದಾರಿ ಇತ್ತು. ನಾವೇ ಓಡಾಡಿ ಆದ ದಾರಿ. ಅದು ಇದ್ದದ್ದು ನಮ್ಮದೇ ಹೊಲದೊಳಗೆ. ಹಾಗಾಗಿ ಗ್ರಾಮ ನಕ್ಷೆಯಲ್ಲಿ ಅದರ ಗುರುತೇ ಇಲ್ಲ. ಯಾಕಿರಬೇಕು? ನಮ್ಮ ಹೊಲದಲ್ಲಿ ನಾವು ನಡೆಯುವುದಕ್ಕೆ ಯಾರ ನಕ್ಷೆ ಬೇಕು? ಆದರೆ ಹೊಲ ಎರಡಾದ ದಿನ ಆ ದಾರಿ ಇನ್ನೊಬ್ಬರ ಜಮೀನಾಯಿತು. ಇದು ನನ್ನ ತಲೆಗೆ ಹೋಗಲಿಲ್ಲ ಅಂತ ಊರಲ್ಲೆಲ್ಲ ಹೇಳಿಕೊಂಡಿದ್ದೇನೆ. ಅದು ಸುಳ್ಳು. ನೀವು ಯಾರೋ ಏನೋ, ನಿಮಗೆ ನಿಜ ಹೇಳುತ್ತೇನೆ.

ತುಂಡು ಮಾಡಿ ಮಾರಲು 11ಇ ನಕ್ಷೆ, ಅಂದರೆ ಮಾರುವ ತುಂಡನ್ನು ಅಳೆದು ಬರೆದ ಸರ್ವೆ ನಕ್ಷೆ ಬೇಕಲ್ವಾ, ಸರ್ವೆಯವರು ಅಳತೆಗೆ ಬಂದಿದ್ದರು. ಸಂಜೆ ನಾನೇ ಕೂತು ಲೆಕ್ಕ ಹಾಕಿದೆ. ದಾರಿ 12 ಅಡಿ ಅಗಲ, ಮುಂದಿನ ತುಂಡಿನ ಉದ್ದ 600 ಅಡಿ. ಗುಂಟೆಗೆ 1,089 ಚದರಡಿಯಂತೆ ಆರೂವರೆ ಗುಂಟೆ ಚಿಲ್ಲರೆ. ಎಕರೆಗೆ 19 ಲಕ್ಷದ ಹಾಗೆ ಅದಕ್ಕೆ ಮೂರು ಲಕ್ಷದ ಮೇಲಾಗುತ್ತದೆ. ದಾರಿ ಬಿಟ್ಟು ಅಳೆಸಿದರೆ ಅಷ್ಟು ದುಡ್ಡು ಕೈಬಿಡುತ್ತದೆ. ಅದಕ್ಕೇ ಬಾಯಿ ಬಿಡಲಿಲ್ಲ. ದುಡ್ಡು ಪೂರ್ತಿ ತಗೊಳ್ಳೋಣ, ದಾರಿ ಹೇಗಿದ್ದರೂ ನಡೀತಾ ಇರುತ್ತೆ ಅಂದುಕೊಂಡೆ.

ಪತ್ರ ಬರೆಯುವವರು ಚೆಕ್ಕುಬಂದಿ ಓದಿದರು. ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಮಾರಾಟಗಾರರ ಉಳಿಕೆ ಜಮೀನು. ಕನ್ನಡಕದ ಮೇಲಿಂದ ನೋಡಿ, ‘ಹಿಂದಕ್ಕೆ ಹೋಗೋಕೆ ದಾರಿ ಕಾಣ್ಸಿಲ್ವಲ್ಲಪ್ಪಾ?’ ಅಂದರು. ಏಜೆಂಟ್ ನಕ್ಕು, ‘ದಾರಿಗೆ ಯಾರು ಬೇಡ ಅಂತಾರೆ ಅಣ್ಣಾ’ ಅಂದ. ನಾನು, ‘ಅದೆಲ್ಲ ಇದ್ದೇ ಇರುತ್ತೆ, ಬರೀರಿ’ ಅಂದೆ. ನಾನೇ ಅಂದದ್ದು. ಒಂದೇ ಒಂದು ಸಾಲು ಸಾಕಿತ್ತು: ಉತ್ತರದ ಬದುವಿನ ಉದ್ದಕ್ಕೂ 12 ಅಡಿ ಬಂಡಿದಾರಿ ಮಾರಾಟಗಾರರ ಉಳಿಕೆ ಜಮೀನಿಗೆ ಶಾಶ್ವತವಾಗಿ ಇರತಕ್ಕದ್ದು. ನಕ್ಷೆಯಲ್ಲೂ ಆ ಗೆರೆ ಎಳೆಸಬೇಕಿತ್ತು. ಬರೆಸುವುದಕ್ಕೆ ಎರಡು ನಿಮಿಷ ಹಿಡಿಯುತ್ತಿರಲಿಲ್ಲ. ಈಗಲೂ ರಾತ್ರಿ ಆ ಸಾಲನ್ನು ಮನಸ್ಸಲ್ಲೇ ಬರೆಯುತ್ತಿರುತ್ತೇನೆ.

ಮೊದಲ ಬೇಸಿಗೆ ಏನೂ ಆಗಲಿಲ್ಲ. ಟ್ರ್ಯಾಕ್ಟರ್ ಹೋಗಿ ಬಂತು, ಈರುಳ್ಳಿ ಬಿತ್ತಿದೆ. ಆಗಸ್ಟ್‌ನಲ್ಲಿ ಒಂದು ದಿನ ಬೆಳಿಗ್ಗೆ ನೋಡಿದರೆ ಸಿಮೆಂಟ್ ಕಂಬ, ಹಲಗೆ ತುಂಬಿದ ಲಾರಿ ನಿಂತಿದೆ. ನಾಲ್ಕೇ ದಿನಕ್ಕೆ ಕಾಂಪೌಂಡ್ ಎದ್ದಿತು. ಗೇಟು, ಬೀಗ, ಕಾವಲುಗಾರ. ಕಾವಲುಗಾರ ಪಾಪ ನಮ್ಮ ಪಕ್ಕದ ಊರಿನವನೇ. ‘ಸಾರ್ ಹೇಳಿದಾರೆ ಅಣ್ಣ, ನನ್ ಕೈಲೇನಿದೆ’ ಅಂದ. ಕೊಂಡವರಿಗೆ ಫೋನ್ ಮಾಡಿದೆ. ಅವರು ಅದನ್ನು ಆಗಲೇ ಇನ್ನೊಬ್ಬರಿಗೆ ಮಾರಿದ್ದರು. ಹೊಸಬರ ಮುಖ ಇವತ್ತಿಗೂ ನಾನು ಕಂಡಿಲ್ಲ.

ಆ ವರ್ಷವೇ ಮಾರಿಕಣಿವೆಯ ನಮ್ಮ ಅಣೆಕಟ್ಟು, ವಾಣಿವಿಲಾಸ ಸಾಗರ, ಕೋಡಿ ಬಿದ್ದದ್ದು. 1933 ಆದಮೇಲೆ ಮೊದಲ ಸಲ 2022ರಲ್ಲೇ. ಊರಿಗೆ ಊರೇ ಮಾರಿಕಣಿವೆಗೆ ಹೋಗಿ ನೀರು ನೋಡಿ ಬಂತು. ನನ್ನ ಮನೆಯವರು ಮಾತ್ರ ಹೊಲದಲ್ಲಿದ್ದರು. ಕಿತ್ತ ಈರುಳ್ಳಿ ರಸ್ತೆಗೆ ತರಬೇಕು, ಟ್ರ್ಯಾಕ್ಟರ್‌ಗೆ ದಾರಿ ಇಲ್ಲ. ಬದುವಿನ ಮೇಲೆ ತಲೆಹೊರೆ. ಚೀಲಕ್ಕೆ 25 ರೂಪಾಯಿ ಕೊಡುತ್ತೇನೆ ಅಂದರೂ ಎರಡನೇ ದಿನ ಆಳು ಬರಲಿಲ್ಲ. ಮಳೆ ಹಿಡಿಯಿತು. 220 ಚೀಲದಲ್ಲಿ 90 ಅಲ್ಲೇ ಕೊಳೆತವು. ಕೊಳೆತ ಈರುಳ್ಳಿಯ ವಾಸನೆ ಗೊತ್ತಲ್ಲ, ಬಟ್ಟೆ ಒಗೆದರೂ ಹೋಗುವುದಿಲ್ಲ.

ತಹಶೀಲ್ದಾರರ ಕಚೇರಿಗೆ ಹೋದೆ. ಗ್ರಾಮ ನಕ್ಷೆಯಲ್ಲಿರುವ ಕಾಲುದಾರಿ, ಬಂಡಿದಾರಿಯನ್ನು ಯಾರಾದರೂ ಮುಚ್ಚಿದ್ದರೆ ತೆರವು ಮಾಡಿಸಬಹುದು, ನಿಮ್ಮದು ನಕ್ಷೆಯಲ್ಲೇ ಇಲ್ಲವಲ್ಲ ಅಂದರು. ವಕೀಲರು ಪರವಾಗಿಲ್ಲ ಅಂದರು. ಬೇರೆ ದಾರಿಯೇ ಇಲ್ಲದಿದ್ದರೆ ‘ಅಗತ್ಯದ ದಾರಿ’ ಅಂತ ಕೋರ್ಟ್‌ನಲ್ಲಿ ಕೇಳುವ ಹಕ್ಕು ಇದೆಯಂತೆ. ಎಷ್ಟು ವರ್ಷ ಆಗಬಹುದು ಅಂತ ಕೇಳಿದೆ. ಅವರು ಫ್ಯಾನ್ ನೋಡಿದರು.

ಆಮೇಲೆ ಯಾರು ಬಂದಿರಬಹುದು ಹೇಳಿ. ಅದೇ ಏಜೆಂಟ್. ಹಿಂದಿನ ಎರಡು ಎಕರೆ ಮೂವತ್ತು ಗುಂಟೆಗೆ ಎಕರೆಗೆ ಎಂಟು ಲಕ್ಷ ಅಂದ. ಅಣೆಕಟ್ಟು ತುಂಬಿ ಸುತ್ತಲಿನ ಬೋರುಗಳಲ್ಲಿ ನೀರು ಏರಿದೆ, ರಸ್ತೆ ಬದಿಯ ಜಮೀನು 30 ದಾಟಿದೆ, ನನ್ನದಕ್ಕೆ ಎಂಟು! ‘ದಾರಿ ಇಲ್ಲದ ಹೊಲ ಅಲ್ವಾ ಅಣ್ಣಾ’ ಅಂದ. ಸಣ್ಣ ಒಕ್ಕಲನ್ನು ಯಾರೂ ಕೋಲು ಹಿಡಿದು ಓಡಿಸುವುದಿಲ್ಲ ಸ್ವಾಮಿ. ಮುಂದಿನದು ಒಳ್ಳೆ ಬೆಲೆಗೆ ತಗೋತಾರೆ. ಹಿಂದಿನದು ತಾನಾಗೇ ಬಂದು ಬೀಳುತ್ತದೆ.

ನಾನು ಬೀಳಿಸಲಿಲ್ಲ. ಅದರಲ್ಲಿ ನನ್ನ ಜಾಣತನ ಏನೂ ಇಲ್ಲ. ತೆಂಕಣ ಪಕ್ಕದ ಹೊಲ ನಮ್ಮ ಚಿಕ್ಕಪ್ಪಂದು. ಬದುವಿನ ಜಗಳಕ್ಕೆ ಹನ್ನೊಂದು ವರ್ಷ ಮಾತು ಬಿಟ್ಟಿದ್ದೆವು. ಹೆಂಡತಿ ಬಲವಂತಕ್ಕೆ ಹೋಗಿ ಅವರ ಜಗಲಿ ಮೇಲೆ ಕೂತೆ. ಎಲೆ ಅಡಿಕೆ ಹಾಕಿಕೊಳ್ಳುತ್ತಾ ಚಿಕ್ಕಪ್ಪ, ‘ಅರ್ಧ ಮೊಳ ಬದು ಒತ್ತಿದೀಯ ಅಂತ ನನ್ ಮೇಲೆ ಅರ್ಜಿ ಕೊಟ್ಟೋನು ನೀನೇ ಅಲ್ವೇನೋ? ಈಗ ಹನ್ನೆರಡು ಅಡಿ ಕೇಳ್ತೀಯ’ ಅಂದರು. ತಲೆ ತಗ್ಗಿಸಿ ಕೂತಿದ್ದೆ. ಕೊನೆಗೆ ಹಳ್ಳದ ಕಡೆಯ ಒಳ್ಳೆ ಮಣ್ಣಿನ ಹತ್ತು ಗುಂಟೆ ಅವರಿಗೆ, ಅವರ ಬದುವಿನ ಪಕ್ಕ ದಾರಿ ನನಗೆ ಅಂತಾಯಿತು. ಅದಲು ಬದಲು ಪತ್ರ ಮಾಡಿಸಿ ನೋಂದಣಿಯನ್ನೂ ಮಾಡಿಸಿದೆವು. ‘ನಮ್ ನಮ್ಮಲ್ಲಿ ಪತ್ರ ಯಾಕೋ’ ಅಂದರು ಚಿಕ್ಕಪ್ಪ. ‘ಬೇಕು’ ಅಂದೆ.

ನಲವತ್ತೇಳೂವರೆ ಲಕ್ಷ ಏನಾಯಿತು ಅಂತ ನೀವು ಕೇಳಬಹುದು. ಸಾಲ, ಅಕ್ಕಂದಿರಿಗೆ ಹತ್ತು ಹತ್ತು ಲಕ್ಷ, ಮನೆಗೆ ತಾರಸಿ, ಎರಡು ಬೋರು. ಒಂದು 780 ಅಡಿಗೂ ಧೂಳು. ಉಳಿದದ್ದರಲ್ಲಿ ಬೇರೆ ಕಡೆ ಜಮೀನು ತಗೊಳ್ಳೋಣ ಅಂತ ಹುಡುಕಿದೆ. ನಾನು ಮಾರಿದ ಬೆಲೆ ಕೇಳಿಯೇ ಪಕ್ಕದ ಊರವರೂ ಬೆಲೆ ಏರಿಸಿದ್ದರು.

ಈಗ ನಿಮ್ಮ ವಿಷಯ. ಎಲ್ಲ ಮಾರಬೇಕಾ, ಅರ್ಧ ಮಾರಬೇಕಾ, ಗುತ್ತಿಗೆ ಕೊಡಬೇಕಾ ಅಂತ ಮೂರು ಕೇಳಿದ್ದೀರಿ. ನನ್ನ ಪ್ರಕಾರ ಅರ್ಧ ಮಾರುವುದು ಮೂರರಲ್ಲೂ ಕೆಟ್ಟದ್ದು, ಅದರಲ್ಲೂ ಮುಂದಿನ ಅರ್ಧ. ಅಷ್ಟು ಕಷ್ಟ ಇದ್ದರೆ ಹಿಂದಿನದು ಮಾರಿ, ಕೊಂಡವರಿಗೆ ನೀವೇ ಅಳೆಸಿ ದಾರಿ ಕೊಡಿ. ಕಡಿಮೆ ಬೆಲೆ ಬರುತ್ತದೆ, ಬರಲಿ. ಹಿಂದಿನದು ಬೇಡ ಅಂದರೆ ಅವರ ಲೆಕ್ಕ ಏನು ಅಂತ ನಿಮಗೇ ಗೊತ್ತಾಗುತ್ತದೆ.

‘ಇಷ್ಟು ಒಳ್ಳೆ ಬೆಲೆ’ ಅಂತ ಮೂರು ಸಲ ಬರೆದಿದ್ದೀರಿ. ಯಾರಿಗೆ ಒಳ್ಳೆಯದು? ಖುಷ್ಕಿಯಲ್ಲಿ ಮೆಕ್ಕೆಜೋಳ ಎಕರೆಗೆ 18 ಕ್ವಿಂಟಾಲ್ ಬಂತು ಅಂದುಕೊಳ್ಳಿ. 2024-25ರ ಬೆಂಬಲ ಬೆಲೆ 2,225 ರೂಪಾಯಿಯ ಲೆಕ್ಕದಲ್ಲಿ 40 ಸಾವಿರ. ಅದೂ ಬೆಂಬಲ ಬೆಲೆ ಸಿಕ್ಕರೆ. ಖರ್ಚು ಕಳೆದು 20 ಸಾವಿರ ಉಳಿದರೆ ಪುಣ್ಯ. 28 ಲಕ್ಷ ಅಂದರೆ 140 ವರ್ಷದ ಉಳಿತಾಯ. ಉಳುಮೆ ಮಾಡಿ ಬದುಕುವವನು ಈ ಬೆಲೆ ಕೊಡಲಾರ. ಅಂದಮೇಲೆ ಒಮ್ಮೆ ಕೈಬಿಟ್ಟದ್ದನ್ನು ನೀವೂ ವಾಪಸ್ ಕೊಳ್ಳಲಾರಿರಿ, ನಿಮ್ಮ ಮಗನೂ ಕೊಳ್ಳಲಾರ. ಅವರು ಕೊಳ್ಳುತ್ತಿರುವುದು ಜೋಳ ಬೆಳೆಯುವುದಕ್ಕಲ್ಲ, ಇಟ್ಟುಕೊಂಡು ಮಾರುವುದಕ್ಕೆ. ನಿಮ್ಮ ಕಡೆಗೆ ನೀರು ತರುವ 57 ಕೆರೆ ತುಂಬಿಸುವ ಯೋಜನೆ, ಭದ್ರಾ ಮೇಲ್ದಂಡೆ ಯೋಜನೆ ಇವೆಲ್ಲ ನಿಮಗಿಂತ ಮೊದಲು ಅವರು ಓದಿರುತ್ತಾರೆ.

ಇನ್ನು ಅಡಿಕೆ. ಚನ್ನಗಿರಿ ನೋಡಿ ಜಗಳೂರಲ್ಲಿ ಅಡಿಕೆ ಇಡೋಣ ಅಂತಿದ್ದೀರಿ. ಅಲ್ಲಿ ಭದ್ರಾ ನಾಲೆ ಇದೆ, ಕೆರೆ ಇದೆ, ನಿಮ್ಮಲ್ಲಿ ಇನ್ನೂ ಕೊರೆಯದ ಬೋರು ಇದೆ! ಫಸಲು ಕೈಗೆ ಬರಲು ಐದಾರು ವರ್ಷ ಬೇಕು. ಅಷ್ಟು ವರ್ಷ ನೀರು ಬರುತ್ತದೆ ಅಂತ ಬೋರಿಗೆ ಜಾಗ ತೋರಿಸುವ ಯಾರೂ ಬರೆದು ಕೊಡುವುದಿಲ್ಲ. ಅಡಿಕೆಗಾಗಿ ಜಮೀನು ಮಾರಬೇಡಿ, ದಯವಿಟ್ಟು.

ಗುತ್ತಿಗೆ ಬಗ್ಗೆ ನನಗೆ ಅನುಭವ ಇಲ್ಲ. ಪಾವಗಡದ ಸೋಲಾರ್ ಪಾರ್ಕ್‌ನಲ್ಲಿ ಎಕರೆಗೆ ವರ್ಷಕ್ಕೆ 21 ಸಾವಿರದಿಂದ ಶುರು ಮಾಡಿ ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದು ಏರಿಸುವ ಕರಾರು ಇದೆ. ಅಲ್ಲಿ ಜಮೀನು ರೈತರ ಹೆಸರಲ್ಲೇ ಇದೆ. ಯಾರಾದರೂ ಗುತ್ತಿಗೆ ಕೇಳಿಕೊಂಡು ಬಂದರೆ ಆ ಕರಾರನ್ನು ಪಕ್ಕದಲ್ಲಿ ಇಟ್ಟುಕೊಂಡು ಮಾತಾಡಿ.

ಕೊನೆಗೂ ಮಾರಲೇಬೇಕಾಗಿ ಬಂದರೆ, ಪತ್ರದಲ್ಲಿ ಕಡಿಮೆ ಬರೆಸಿ ಉಳಿದದ್ದು ನಗದು ಅಂದಾಗ ಒಪ್ಪಬೇಡಿ. ನಿಮ್ಮ ಹೊಲ ಜಗಳೂರು ಪಟ್ಟಣದ ಎಲ್ಲೆಯಿಂದ 2 ಕಿ.ಮೀ. ಆಚೆ, ಹಳ್ಳಿ ಕಡೆ ಇದ್ದರೆ ಕೃಷಿ ಜಮೀನು ಮಾರಿದ ಲಾಭಕ್ಕೆ ಆದಾಯ ತೆರಿಗೆಯೇ ಬರುವುದಿಲ್ಲ. ಕಡಿಮೆ ಬರೆಸಿದರೆ ಉಳಿಯುವುದು ಕೊಳ್ಳುವವರ ಮುದ್ರಾಂಕ ಶುಲ್ಕ. ನಗದು ಎಲ್ಲಿಂದ ಬಂತು ಅಂತ ಉತ್ತರ ಹೇಳಬೇಕಾದವರು ನೀವು.

ಜಮೀನು ಅಪ್ಪನ ಹೆಸರಲ್ಲಿದೆ ಅಂದಿರಿ, ಅವರು ಏನಂತಾರೆ ಅಂತ ಎಲ್ಲೂ ಬರೆದಿಲ್ಲ. ಹಿಂದಿನ ಮೂರು ಎಕರೆಗೆ ಈಗ ಯಾವ ಕಡೆಯಿಂದ ಹೋಗುತ್ತೀರಿ? ಆ ದಾರಿ ಗ್ರಾಮ ನಕ್ಷೆಯಲ್ಲಿ ಇದೆಯಾ? ಸೋಮವಾರ ತಾಲ್ಲೂಕು ಕಚೇರಿಗೆ ಹೋಗಿ ನೋಡಿ ಬಂದು ಇಲ್ಲೇ ಬರೆಯಿರಿ. ಅಲ್ಲಿಯವರೆಗೆ ಮುಂಗಡ ಮುಟ್ಟಬೇಡಿ.