ಎಲೆ ಬರುತ್ತಿದೆ, ಹೂಜಿ ಮಾತ್ರ ಬರುತ್ತಿಲ್ಲ

ನಿಮ್ಮ ಹೂಜಿ ಗಿಡದಲ್ಲಿ ಎಲೆ ಬಂದರೂ, ಎಲೆತುದಿಯಲ್ಲಿ ಹುಳು ಹಿಡಿಯುವ ಹೂಜಿ ಏಕೆ ಮೂಡುತ್ತಿಲ್ಲ ಎಂದು ಕೇಳಿದ್ದೀರಿ. ಗಿಡಕ್ಕೆ ಎರೆಗೊಬ್ಬರ ಹಾಕಿದ್ದೇ ಬಹುಪಾಲು ಕಾರಣ. ಮೇಘಾಲಯದ ಗಾರೋ, ಖಾಸಿ, ಜೈಂತಿಯಾ ಬೆಟ್ಟಗಳ ಸಾರವಿಲ್ಲದ ಮಣ್ಣಿನಲ್ಲಿ ಬೆಳೆಯುವ ಈ ಗಿಡ (ನೆಪೆಂಥಿಸ್ ಖಾಸಿಯಾನಾ), ಸಾರಜನಕದ ಕೊರತೆಯನ್ನು ಹುಳು ಹಿಡಿದು ನೀಗಿಸಿಕೊಳ್ಳುತ್ತದೆ. ಬೇರಿಗೇ ಊಟ ಸಿಕ್ಕರೆ ಹೂಜಿ ಕಟ್ಟುವ ಗೋಜಿಗೇ ಹೋಗುವುದಿಲ್ಲ.

ಮೊದಲು ಗೊಬ್ಬರ ಬೆರೆತ ಮಣ್ಣನ್ನು ಬೇರಿನಿಂದ ಮೆಲ್ಲಗೆ ತೊಳೆದು ತೆಗೆಯಿರಿ. ಬೇರುಗಳು ಕಪ್ಪಗೆ, ದಾರದಷ್ಟು ತೆಳ್ಳಗೆ ಕಾಣುತ್ತವೆ. ಅವುಗಳ ಸಹಜ ಬಣ್ಣವೇ ಅದು, ಕೊಳೆತಿವೆ ಎಂದು ಕತ್ತರಿಸಬೇಡಿ. ನೀರು ಹಿಡಿದಿಡುವ ಸ್ಫ್ಯಾಗ್ನಮ್ ಪಾಚಿಗೆ ಪರ್ಲೈಟ್ ಎಂಬ ಹಗುರವಾದ ಬಿಳಿ ಹರಳು ಬೆರೆಸಿ ನೆಡಿ. ಬೋರ್‌ವೆಲ್ ನೀರು ನಿಲ್ಲಿಸಿ ಮಳೆನೀರು ಕೊಡಿ, ಆದರೆ ಕುಂಡದ ತಟ್ಟೆಯಲ್ಲಿ ನೀರು ನಿಲ್ಲಬಾರದು. ಬೆಳಗಿನ ಎಳೆಬಿಸಿಲು ಬೀಳುವ ಜಾಗ ಸಾಕು.

ಬಳಿಕ ಎಲೆಯ ತುದಿಯಿಂದ ಹೊರಟ ಕುಡಿಬಳ್ಳಿಯನ್ನು ಗಮನಿಸಿ. ಅದರ ಕೊನೆಯಲ್ಲಿರುವ ಪುಟ್ಟ ಮೊಗ್ಗು ಕಂದು ಬಣ್ಣಕ್ಕೆ ತಿರುಗಿ ಒಣಗಿದ್ದರೆ ಗಾಳಿಯಲ್ಲಿ ತೇವವೂ ಸಾಲದು. ಚಿತ್ರವಿಲ್ಲದೆ ಇದನ್ನು ಖಚಿತವಾಗಿ ಹೇಳಲಾರೆ. ಹಾಗಿದ್ದರೆ ಗಿಡವನ್ನು ಇತರ ಕುಂಡಗಳ ನಡುವೆ ಇಡಿ. ಹಳೆಯ ಎಲೆಗಳಲ್ಲಿ ಹೂಜಿ ಮೂಡುವುದು ಅನುಮಾನ, ಹೊಸ ಎಲೆಗಳಿಗೆ ಕಾಯಿರಿ.

ಬೀಜದ ಬಗ್ಗೆ ಕೇಳಿದ್ದೀರಿ. ಗಂಡು, ಹೆಣ್ಣು ಹೂಗಳು ಬೇರೆ ಬೇರೆ ಗಿಡಗಳಲ್ಲಿರುವುದರಿಂದ ಒಂದೇ ಗಿಡದಿಂದ ಬೀಜ ಸಿಗದು. ಹಾಗೆಂದು ಜೋಡಿಗಾಗಿ ಯಾರೋ ಕಾಡಿನಿಂದ ಕಿತ್ತು ಮಾರುವ ಗಿಡವನ್ನು ಕೊಳ್ಳಲೇಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ಅಪರಾಧ. ನಿಮ್ಮ ಗಿಡದ ಬಿಲ್ಲನ್ನೂ ಜೋಪಾನವಾಗಿಡಿ. ಅದು ನರ್ಸರಿಯಲ್ಲೇ ಬೆಳೆಸಿದ್ದೇ, ಪರವಾನಗಿ ಇದೆಯೇ ಎಂದು ಮಾರಿದವರನ್ನು ಕೇಳಿಕೊಳ್ಳಿ.